ಸೊಂಟದಷ್ಟು ನೀರು

ಮಾಳಿಗೆಯ ಮೇಲೆ ಒಣಗಲು ಹರವಿದ್ದ ಹಾಯಿಬಟ್ಟೆಯಿಂದ ಇವತ್ತು ಬೆಳಿಗ್ಗೆ ಹಿನ್ನೀರಿನ ಕೆಸರಿನ ವಾಸನೆ ಬಂತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಮಾಳಿಗೆಗಳ ಮೇಲೆ ಶಾವಿಗೆ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ; ಹಾಯಿ ಒಣಗುವುದು ನಮ್ಮ ಮನೆಯಲ್ಲಿ ಮಾತ್ರ. ಪಕ್ಕದವರು ಮೊದಲ ಸಲ ಅದನ್ನು ನೋಡಿ ಪೆಂಡಾಲು ಎಂದುಕೊಂಡು, ಯಾರ ಮದುವೆ ಎಂದು ವಿಚಾರಿಸಿದ್ದರು. ನಲವತ್ತು ದಾಟಿದ ಶಾಲೆಯ ಶಿಕ್ಷಕಿಯೊಬ್ಬಳು ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ನೀರಿನ ಮೇಲೆ ಜಾರುತ್ತ ಹೋಗುತ್ತಾಳೆಂದರೆ ಅವರಿಗಿಂತ ಮೊದಲು ನನಗೇ ನಗು ಬರುತ್ತದೆ.

ಈ ವಿಂಡ್‌ಸರ್ಫಿಂಗಿನ ಹುಚ್ಚು ಹತ್ತಿದ್ದು ಗೋವಾದಲ್ಲಿ. ಅಲ್ಲಿ ಅಂಗಡಿ ಮುಚ್ಚುತ್ತಿದ್ದವರ ಹಳೆಯ ಹಲಗೆಯೊಂದನ್ನು ನಮ್ಮ ಮನೆಯವರು ಜೀಪಿನ ಮೇಲೆ ಕಟ್ಟಿಕೊಂಡು ಬಂದರು. ಸಮುದ್ರ ನಮಗೆ ದೂರ. ಸವದತ್ತಿಯ ಹಿನ್ನೀರು ಹತ್ತಿರ, ಅದರ ದಂಡೆಗೇ ನನ್ನ ತವರು. ನೇರ ಹೋಗುವುದನ್ನು ಬೇಗ ಕಲಿತೆ. ಕಷ್ಟವಿದ್ದದ್ದು ತಿರುಗುವುದರಲ್ಲಿ. ಹಾಯಿಯನ್ನು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ದಾಟಿಸಬೇಕು, ಅದೇ ಹೊತ್ತಿಗೆ ಪಾದ ಬದಲಿಸಬೇಕು. ನಾನು ಬೀಳುತ್ತಿದ್ದದ್ದು ಪ್ರತಿ ಸಲವೂ ಅಲ್ಲಿಯೇ.

ಬೀಳುವವರಿಗೆ ಸೊಂಟದಷ್ಟು ನೀರು ದೊಡ್ಡ ಉಪಕಾರ. ಬಿದ್ದರೆ ಎದ್ದು ನಿಂತರಾಯಿತು. ಮೊಣಕಾಲಿಗಿಂತ ಕಡಿಮೆಯಿದ್ದರೆ ಹಲಗೆಯ ಕೆಳಗಿನ ರೆಕ್ಕೆ ನೆಲಕ್ಕೆ ತಾಗಿ ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಎರೆಮಣ್ಣಿದ್ದರೆ ಕಾಲು ಹೂತುಹೋಗುತ್ತದೆ, ಜಾಲಿಯ ಬೊಡ್ಡೆಯಿದ್ದರೆ ಹಾಯಿ ಹರಿಯುತ್ತದೆ. ಇದೆಲ್ಲ ನೀರಿನ ಮೇಲಿಂದ ಕಾಣುವುದಿಲ್ಲ. ನಾನು ಅವ್ವನನ್ನು ಕೇಳುತ್ತಿದ್ದೆ.

ನಿಮಗೆ ಆಶ್ಚರ್ಯವಾಗಬಹುದು, ನಮ್ಮಲ್ಲಿ ನೀರಿನ ಕೆಳಗಿನ ಹೊಲಗಳಿಗೆ ಇವತ್ತಿಗೂ ಹೆಸರಿದೆ, ಒಡೆಯರಿದ್ದಾರೆ. ಅಣೆಕಟ್ಟು ಆದಾಗ ಊರು ಮೇಲಕ್ಕೆ ಬಂತು, ಹೊಲ ಕೆಳಗೆ ಉಳಿಯಿತು. ಬೇಸಿಗೆಯಲ್ಲಿ ನೀರು ಸರಿದಂತೆ ಅಂಚಿನ ಹೊಲಗಳು ಮೇಲೇಳುತ್ತವೆ, ಹಳೆಯ ಮನೆತನದವರೇ ಬಂದು ತಮ್ಮ ತಮ್ಮ ತುಂಡಿನಲ್ಲಿ ಬಿತ್ತುತ್ತಾರೆ. ಬದು ಅಳಿಸಿಹೋಗಿದ್ದರೂ ಜಗಳವಾದದ್ದನ್ನು ನಾನು ಕೇಳಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆ ಹೊಲಗಳಲ್ಲೆಲ್ಲ ಕಳೆ ಕಿತ್ತಿದ್ದ ಅವ್ವನಿಗೆ ಯಾವುದು ಕೆಂಪು ಮಸಾರಿ, ಯಾವುದು ಕಪ್ಪು ಎರಿ, ಎಲ್ಲಿ ಕಲ್ಲುಗುಪ್ಪೆ ಎಂಬುದೆಲ್ಲ ನೆನಪಿತ್ತು. ಹೀಗೆ ನಾನು ಒಂದು ಭಾನುವಾರ ಗೌಡರ ಹೊಲದಲ್ಲಿ ಬೀಳುತ್ತಿದ್ದೆ, ಇನ್ನೊಂದು ಭಾನುವಾರ ಬಡಿಗೇರರ ಹೊಲದಲ್ಲಿ.

ನಮ್ಮ ಸ್ವಂತ ಹೊಲಕ್ಕೆ ಮಾತ್ರ ಅವ್ವ ಬಿಡುತ್ತಿರಲಿಲ್ಲ. ಅದು ತಗ್ಗಿನದು, ಎಂದೂ ಮೇಲೆ ಬಂದದ್ದಲ್ಲ. ಮುಳ್ಳಿವೆ ಎನ್ನುತ್ತಿದ್ದಳು, ಕೆಸರು ಎನ್ನುತ್ತಿದ್ದಳು. ಹೋದ ಬೇಸಿಗೆಯಲ್ಲಿ ನೀರು ಬಹಳ ಇಳಿದು ಅಲ್ಲಿ ಸೊಂಟದಷ್ಟೇ ಉಳಿಯಿತು. ಗಾಳಿಗೆ ಅಡ್ಡವಿಲ್ಲ, ತಳ ಸಪಾಟು. ನಮ್ಮ ಮನೆಯವರಿಗೆ ಒಂದೇ ಅನುಮಾನ. ಮಾವನವರ ಹೊಲದಲ್ಲಿ ಬಾವಿ ಇತ್ತಲ್ಲ ಎಂದು ಅವ್ವನನ್ನೇ ಕೇಳಿದರು.

ಅವ್ವ ನೀರಿನ ಕಡೆ ನೋಡುತ್ತ, “ಇತ್ರಿ. ಊರ ಬಿಡೂಮುಂದ ಮುಚ್ಚೇವ್ರಿ” ಅಂದಳು.

ಅಪ್ಪ ಬದುಕಿದ್ದಾಗ ಅವನ ಬಾಯಿಂದಲೂ ಇದೇ ಮಾತು ಕೇಳಿದ್ದೆ. ಸೊಂಟದಷ್ಟು ನೀರಿಗೆ ಅದ್ಯಾಕೆಂದು ತೇಲುವ ಜಾಕೆಟ್ಟನ್ನು ದಂಡೆಯಲ್ಲೇ ಬಿಟ್ಟು ಹೋದೆ. ಈಜು ನನಗೆ ಅಷ್ಟಕ್ಕಷ್ಟೇ. ತಿರುಗಿದೆ, ಬಿದ್ದೆ, ಎದ್ದೆ. ಬಿದ್ದಾಗೊಮ್ಮೆ ಗಾಳಿ ನನ್ನನ್ನು ಒಳಕ್ಕೆ ತಳ್ಳುತ್ತಿತ್ತು.

ನಾಲ್ಕನೆಯದೋ ಐದನೆಯದೋ ಸಲ ಎದ್ದಾಗ ದಂಡೆಯಲ್ಲಿ ಅವ್ವ ಇರಲಿಲ್ಲ. ಸೀರೆ ಸಮೇತ ನೀರಿಗಿಳಿದಿದ್ದಳು. ಎಪ್ಪತ್ತು ದಾಟಿದವಳು, ಈಜು ಗೊತ್ತಿಲ್ಲದವಳು. ನನಗೆ ಮೊದಲು ನಗು ಬಂತು. ಆಮೇಲೆ ಅವಳ ಮುಖ ಕಂಡಿತು.

“ಅಲ್ಲೇ ನಿಂದರು. ಕಾಲ ಎತ್ತಬ್ಯಾಡ.”

ನಿಂತೆ. ಹಾಯಿ ಕೈ ಜಗ್ಗುತ್ತಿತ್ತು, ಬಿಟ್ಟುಬಿಟ್ಟೆ. ಅವ್ವ ಒಂದೊಂದೇ ಹೆಜ್ಜೆಯನ್ನು ತಳಕ್ಕೆ ಸವರಿ, ಗಟ್ಟಿ ಮಾಡಿಕೊಂಡು, ಆಮೇಲೆ ಭಾರ ಹಾಕುತ್ತ ಬಂದಳು. ಬೆನ್ನ ಹಿಂದೆ ನಮ್ಮ ಮನೆಯವರು ಬರಹತ್ತಿದರೆ ಅವರನ್ನೂ ಕೈಯೆತ್ತಿ ತಡೆದಳು. ಅವಳು ಮುಗ್ಗರಿಸಿದರೆ ಓಡಿ ಹಿಡಿಯುವಂತಿರಲಿಲ್ಲ. ನನ್ನ ಹತ್ತಿರ ಬಂದು ನನ್ನ ರಟ್ಟೆ ಹಿಡಿದಳು, ನನ್ನನ್ನು ದಾಟಿ ಕಾಲು ಮುಂದೆ ಚಾಚಿದಳು. ಅಲ್ಲಿಯೇ ನಿಂತುಬಿಟ್ಟಳು.

ನಾನೂ ಪಾದ ಚಾಚಿದೆ. ಕಡಿದ ಕಲ್ಲಿನ ಅಂಚು ತಾಗಿತು. ಅದರಾಚೆ ಏನೂ ಇರಲಿಲ್ಲ. ಕೆಳಗಿನಿಂದ ತಣ್ಣನೆಯ ನೀರು ಪಾದಕ್ಕೆ ಹತ್ತಿತು.

“ನಿಮ್ಮಪ್ಪ ಮುಚ್ಚಲಿಲ್ಲ” ಅಂದಳು ಅವ್ವ. “ಊರ ಬಿಡೂಮುಂದ ಎಲ್ಲಾರೂ ತಮ್ಮ ತಮ್ಮ ಬಾವಿ ಮುಚ್ಚಬೇಕಾಗಿತ್ತು. ಮಣ್ಣಿನ ಬುಟ್ಟಿ ಹೊತ್ತಕೊಂಡ ಬಾವಿ ದಂಡಿಗೆ ಹೋಗಿ ನಿಂದರತಿದ್ರು, ಹಂಗ ಹೊತ್ತಕೊಂಡ ಬರತಿದ್ರು. ಕುಡದ ನೀರಿನ ಮ್ಯಾಲೆ ಮಣ್ಣ ಸುರಿಯಾಕ ಕೈ ಬರಲಿಲ್ಲ. ಊರ ಮುಂದ ಮುಚ್ಚೇನಿ ಅಂದ್ರು. ನಾನೂ ಅದನ್ನ ಅಂದೆ.”

ಬಾವಿಯ ಕಟ್ಟೆಯ ಕಲ್ಲುಗಳನ್ನಷ್ಟೇ ಕಿತ್ತು ತಂದಿದ್ದರಂತೆ, ಅವೇ ನಮ್ಮ ಮನೆಯ ಮೆಟ್ಟಿಲು. ಅವುಗಳ ಮೇಲೆ ಕೂತು ನಾನು ಪಾಠ ಓದಿದ್ದೇನೆ. ನನಗೆ ಸಿಟ್ಟು ಬಂತು, ಬರಬಾರದಷ್ಟು ಬಂತು, ಅಪ್ಪನ ಮೇಲಲ್ಲ, ನನ್ನ ಕೈ ಹಿಡಿದು ನಿಂತವಳ ಮೇಲೆ. ನಾ ಸತ್ತಿದ್ರ ಏನ ಹೇಳತಿದ್ದಿ ಎಂದು ಕೇಳಿಯೇಬಿಟ್ಟೆ. ಅವ್ವ ಅಳಿಯನ ಕಡೆ ತಿರುಗಿ, ಬಿದಿರು ತಗೊಂಡ ಬರ್ರಿ, ಅಲ್ಲೀತನಕ ನಾ ಇಲ್ಲೇ ನಿಂದರತೇನಿ ಅಂದಳು. ನೀರು ಕಡಿಮೆಯಿರುವಲ್ಲಿ ಮೀನಿನ ಬಲೆ ಹಾಕುವವರು ನಡೆದೇ ಓಡಾಡುತ್ತಾರೆ. ಇಷ್ಟು ವರ್ಷ ನಮ್ಮ ಹೊಲದಲ್ಲಿ ಯಾರ ಕಾಲಿಗೂ ನೆಲ ಸಿಗುತ್ತಿರಲಿಲ್ಲ, ದೋಣಿ ಮೇಲಿಂದ ಹಾದುಹೋಗುತ್ತಿತ್ತು. ಈಗ ಯಾರು ಬೇಕಾದರೂ ನಡೆದು ಬರಬಹುದಿತ್ತು.

ಬಿದಿರು ಬರುವವರೆಗೆ ನಾವಿಬ್ಬರೂ ನಿಂತೆವು. ಅವಳ ಹಿಡಿತ ಸಡಿಲವಾಗಲಿಲ್ಲ. ನನ್ನ ಸಿಟ್ಟು ಯಾವಾಗ ಇಳಿಯಿತೋ ತಿಳಿಯಲಿಲ್ಲ.

ಈಗ ಆ ಬಾವಿಯ ಸುತ್ತ ಬಿದಿರು ನೆಟ್ಟಿದೆ, ಕೆಂಪು ಬಟ್ಟೆ ಕಟ್ಟಿದೆ. ನಾನು ತಿರುಗುವುದು ಅದಕ್ಕೆ ಬಹಳ ದೂರದಲ್ಲಿ, ಜಾಕೆಟ್ಟು ಹಾಕಿಕೊಂಡು. ಹೊಸ ಜಾಗ ಹುಡುಕುವಾಗ ನೀರೆಷ್ಟು ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ; ಆ ಹೊಲದವರು ಎಲ್ಲಿಯ ನೀರು ಕುಡಿಯುತ್ತಿದ್ದರು ಎಂದು ಕೇಳುತ್ತೇನೆ. ಕೆಲವರು ತಡೆದು ಉತ್ತರಿಸುತ್ತಾರೆ. ಕೈ ಬಾರದವನು ಅಪ್ಪ ಒಬ್ಬನೇ ಅಲ್ಲವೇನೋ.

ಅಪ್ಪ ಊರಿನಲ್ಲಿ ಕೊಟ್ಟ ಮಾತಿಗೆ ನಿಲ್ಲುವವನೆಂದು ಹೆಸರಾದವನು. ಆ ಹೆಸರು ಅವ್ವನಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. ಮೊನ್ನೆ ದಂಡೆಗೆ ಹೊಸದಾಗಿ ಬಲೆ ತಂದವರೊಬ್ಬರು ಇದು ಯಾರ ಹೊಲವೆಂದು ವಿಚಾರಿಸಿದರು. ಅವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಅಪ್ಪನ ಹೆಸರು ಪೂರ್ತಿಯಾಗಿ ಹೇಳಿದಳು. ಆಮೇಲೆ ಅಂದಳು:

“ಬಾವಿ ಐತ್ರಿ. ಅವರು ಮುಚ್ಚಿಲ್ಲ.”