ಮೂಗಿನ ಭಾರ

ಕನ್ನಡಕದಂಗಡಿಯವನ ಹೆಂಡತಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಾಗಬೇಕಾದರೆ ಎದುರಿಗಿರುವವನು ಅಷ್ಟಾದರೂ ದೊಡ್ಡವನಾಗಿರಬೇಕು. ಇವನೋ, ಬಿಡಿಭಾಗ ಅಂಟಿಸಿ ಕಟ್ಟಿದ ಗೇಣುದ್ದದ ಪ್ಲಾಸ್ಟಿಕ್ ಮಾದರಿ ಯುದ್ಧವಿಮಾನಕ್ಕೆ ಉಸಿರು ಬಿಗಿಹಿಡಿದು ಹೊಗೆಯ ಮಸಿ ಬಳಿಯುತ್ತ, ಗುಂಡು ತಗುಲಿದ ತೂತುಗಳನ್ನು ಸೂಜಿಯಿಂದ ಕೊರೆಯುತ್ತ, ಎಂದೋ ಮುಗಿದ ಯುದ್ಧವನ್ನು ತಾನೇ ಗೆದ್ದು ಬಂದಂತೆ ಬೀಗುವ ಆಸಾಮಿ. ನಿಜವಾದ ವಿಮಾನ ಹತ್ತುವುದಿರಲಿ, ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಅವನಿಗೆ ತಲೆ ಸುತ್ತುತ್ತಿತ್ತು.

ಊಟದ ಮೇಜು ಅವನ ಕಾರ್ಖಾನೆ. ತಿಂದದ್ದಕ್ಕೆಲ್ಲ ಬಣ್ಣ ತೆಳುಮಾಡುವ ಥಿನ್ನರ್ ವಾಸನೆ. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದಳು. ಇಂಥವರದ್ದೇ ಒಂದು ಸಂಘವೂ ಇತ್ತು. ಅಲ್ಲಿ ಇವನ ಘನಕಾರ್ಯವೆಂದರೆ ಬೇರೆಯವರ ವಿಮಾನಗಳಿಗೆ ಭೂತಗನ್ನಡಿ ಹಿಡಿದು ಮುಖ ಸಿಂಡರಿಸುವುದು. ಒಬ್ಬನ ಹಸಿರು ಸರಿಯಿಲ್ಲ, ಇನ್ನೊಬ್ಬನ ರಿವೆಟ್ಟು ದಪ್ಪ. ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡರೆ ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷ.

ಅವಳ ತಮ್ಮ ಬಸ್ ಕಂಡಕ್ಟರ್. ಭಾವನನ್ನು ನೋಡಿ ನೋಡಿ ಅವನಿಗೂ ಈ ಹುಚ್ಚು ಹಿಡಿದಿತ್ತು. ಮುಂಭಾಗದಲ್ಲಿ ಚಕ್ರವಿರುವ ವಿಮಾನವಾದರೆ ಮೂಗಿನೊಳಗೆ ಭಾರಕ್ಕೆಂದು ಸೀಸದ ಸಣ್ಣ ಗುಂಡುಗಳನ್ನು ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಅದು ಮೂಗೆತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ತಮ್ಮನ ಮೊದಲ ವಿಮಾನ ಸಂಘದವರೆದುರು ಹಾಗೆಯೇ ಕೂತಿತು.

"ಮೂಗಲ್ಲೂ ಭಾರ ಇಲ್ಲ, ತಲೇಲೂ ಇಲ್ಲ. ಇವತ್ತಿಂದ ಇವನ ಹೆಸರು ಬಾಲ," ಎಂದ ಭಾವ.

ಹೆಸರು ಅಂಟಿಕೊಂಡಿತು. ತಮ್ಮನು ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ. ಅವಳಿಗೆ ಒಡಹುಟ್ಟಿದವನು ಅವನೊಬ್ಬನೇ. ಫೋನು ಮಾಡಿದಾಗಲೆಲ್ಲ "ಬರ್ತೀನಕ್ಕ" ಅನ್ನುತ್ತಿದ್ದ, ಬರುತ್ತಿರಲಿಲ್ಲ.

ಸಂಘದ ಈ ಸಲದ ಸ್ಪರ್ಧೆ-ಪ್ರದರ್ಶನಕ್ಕೆ ಗಂಡನೂ ಮುಂದೆ ಚಕ್ರವಿರುವ ವಿಮಾನವನ್ನೇ ಹಿಡಿದ. ಇದೊಂದು ಗೆದ್ದರೆ ತೀರ್ಪುಗಾರನ ಕುರ್ಚಿ ತನ್ನದೇ ಎಂದು ಮನೆಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸ ಶುರುವಾಗಿತ್ತು. ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸುವ ದಿನ ಅವಳಿಂದಲೇ ಸೀಸದ ಗುಂಡುಗಳನ್ನು ಬಟ್ಟಲಲ್ಲಿ ತರಿಸಿಕೊಂಡ. ಅಷ್ಟರಲ್ಲಿ ಫೋನು ಬಂತು. ಕತ್ತು ಓರೆ ಮಾಡಿ ಫೋನನ್ನು ಭುಜಕ್ಕೆ ಒತ್ತಿಕೊಂಡು, ಯಾರದೋ ವಿಮಾನದ ಗಾಜಿನ ಮೇಲಿದ್ದ ಬೆರಳಚ್ಚನ್ನು ಹಂಗಿಸುತ್ತಲೇ ಹೋಳುಗಳನ್ನು ಜೋಡಿಸಿ ಒತ್ತಿಹಿಡಿದ. ಗುಂಡುಗಳು ಬಟ್ಟಲಲ್ಲೇ ಉಳಿದವು.

"ರೀ, ಇದು..." ಎಂದು ಅವಳು ಬಾಯಿ ತೆರೆದಳು.

"ಸುಮ್ನಿರು. ನಿಂಗೇನು ಗೊತ್ತಾಗತ್ತೆ ಇದೆಲ್ಲ."

ಅವಳು ಗುಂಡುಗಳ ಸಮೇತ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಚಕ್ರಗಳನ್ನು ಕೊನೆಯಲ್ಲಿ ಅಂಟಿಸುವುದು ಅವನ ಪದ್ಧತಿ. ಅಂಟು ಗಟ್ಟಿಯಾಗುವವರೆಗೆ ನೆಲ ಮುಟ್ಟಿಸಬಾರದೆಂದು ವಿಮಾನವನ್ನು ಸ್ಪಂಜಿನ ಡಬ್ಬಿಯಲ್ಲೇ ಪ್ರದರ್ಶನಕ್ಕೆ ಒಯ್ದ. ಹೊರಲು ಹೆಂಡತಿಯನ್ನೂ ಕರೆದೊಯ್ದ. ಜನ ಸುತ್ತುಗಟ್ಟಿದರು. ಅವನು ಗಂಟಲು ಸರಿಪಡಿಸಿಕೊಂಡು ವಿಮಾನವನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟ. ಅದು ನಿಧಾನವಾಗಿ ಮೂಗೆತ್ತಿತು, ಬಾಲದ ಮೇಲೆ ಕೂತಿತು.

ಒತ್ತಿ ಇಟ್ಟ. ಮತ್ತೆ ಕೂತಿತು. ಯಾರೋ ಕೆಮ್ಮಿದರು.

"ನಿಜವಾದ ವಿಮಾನಾನೂ ನಿಂತಾಗ ಹೀಗೇ ಕೂರ್ತಿತ್ತು," ಎಂದ ಅವನು. ಕಿವಿ ಕೆಂಪಾಗಿತ್ತು.

ಅವಳ ತಮ್ಮ ಹಿಂದಿನ ಸಾಲಿನಿಂದ ಮುಂದೆ ಬಂದ. ಜೇಬು ತಡಕಿ ಬಹಳ ವಿನಯದಿಂದ ಕೇಳಿದ: "ಭಾವ, ಬೆಂಕಿಕಡ್ಡಿ ಕೊಡ್ಲಾ? ಬಾಲದ ಕೆಳಗೆ ಇಡೋಕೆ."

ನಗು ಹಾಲ್ ತುಂಬಿತು. ಅವಳಿಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮುಂದಿನ ರಜೆಯ ದಿನ ತಮ್ಮನು ಅಕ್ಕನ ಮನೆಗೆ ಬಂದ. ಗಂಡ ತಲೆನೋವೆಂದು ಕೋಣೆ ಸೇರಿದ್ದ. ಅಕ್ಕ, ತಮ್ಮ ಇಬ್ಬರೂ ಮೇಜಿನ ಮೇಲೆ ತಟ್ಟೆಯಿಟ್ಟು ಉಂಡರು. ಕಿಟಕಿಯಿಂದ ಜೋರು ಗಾಳಿ ಬರುತ್ತಿದ್ದರೂ ಪರದೆ ನೆಟ್ಟಗೆ ಇಳಿಬಿದ್ದಿತ್ತು. ಕೈ ತೊಳೆದು ಬಂದ ತಮ್ಮನು ಅದರ ಕೆಳಗಿನ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದ. ಹೊಲಿದ ಮಡಿಕೆಯೊಳಗೆ ಸಾಲಾಗಿ ಸೀಸದ ಗುಂಡುಗಳು.

"ಅಕ್ಕ, ಇದೇನು?"

"ಭಾರ ಕಣೋ," ಎಂದಳು ಅಕ್ಕ, ತಟ್ಟೆಗಳನ್ನು ಎತ್ತುತ್ತ. "ಇದಕ್ಕಾದ್ರೂ ಇರ್ಲಿ ಅಂತ ಹೊಲಿದೆ."