ತುಂಬಿಟ್ಟ ಟ್ಯಾಂಕು

ಹಗ್ಗ ಎಳೆದೆಳೆದು ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಔಷಧಿ ಹೊಡೆಯುವ ಪಂಪಿನ ಇಂಜಿನ್ ಒಮ್ಮೆ ಗುರ್ ಎನ್ನಲೂ ಇಲ್ಲ. ಮರಳಿ ಊರಿನ ನಮ್ಮ ಗದ್ದೆಯಲ್ಲಿ ಹಾಲುಗಾಳು ಕಟ್ಟುತ್ತಿದ್ದ ಭತ್ತಕ್ಕೆ ಜಿಗಿಹುಳು ಬಿದ್ದಿತ್ತು. ಎರಡು ದಿನದ ಹಿಂದೆ ಹಿಟ್ಟು ನಾದುವ ಪರಾತದಷ್ಟು ಒಣಗಿದ್ದ ಜಾಗ ಆ ಬೆಳಿಗ್ಗೆ ಕಣದಷ್ಟಾಗಿತ್ತು. ಅಂದೇ ಔಷಧಿ ಹೊಡೆಯದಿದ್ದರೆ ಬೆಳೆ ಕೈಬಿಟ್ಟು ಹೋಗುತ್ತಿತ್ತು. ಊರಿನ ಪಂಪುಗಳೆಲ್ಲ ಅವರವರ ಗದ್ದೆಯಲ್ಲಿದ್ದವು. ಯಾರನ್ನು ಕೇಳುವುದು?

ಹೋದ ವರ್ಷ ನಮ್ಮ ಪಂಪನ್ನು ರಿಪೇರಿ ಮಾಡಿದ್ದ ಗಂಗಾವತಿಯ ಮಿಸ್ತ್ರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಕೆಟ್ಟ ಸಾಮಾನು ಹಾಕಿ ಕೊಟ್ಟೀರಿ." ಅವರು ಮಾತಿಗೆ ಮಾತು ಬೆಳೆಸದೆ ಬೈಕ್ ಹತ್ತಿ ಬಂದರು.

ಕಾರ್ಬುರೇಟರ್ ಬಿಚ್ಚಿ ಮೂಸಿದರು. ಅವರ ಬೆರಳಿಗೆ ಜೋನಿಬೆಲ್ಲದಂಥ ಅಂಟು ಹತ್ತಿತ್ತು.

"ಟ್ಯಾಂಕ್ ತುಂಬಿ ಇಟ್ಟಿದ್ರೇನ್ರಿ ಅಕ್ಕಾರ? ಪೆಟ್ರೋಲ್ ಹಳೇದಾಗಿ ಅಂಟಾಗೈತ್ರಿ. ಒಳಗಿನ ತೂತು ಮುಚ್ಚೈತಿ."

ತುಂಬಿಟ್ಟವಳು ನಾನೇ. ಮೊದಲೆಲ್ಲ ಪಂಪು ಎತ್ತಿಡುತ್ತಿದ್ದವರು ಗಂಡ. ಈ ಸಲ ಅವರು ಲಾರಿ ಓಡಿಸಲು ಹೋಗಿದ್ದರು. ನನ್ನ ತವರಿನಲ್ಲಿ ಕೊಡವಾಗಲಿ, ಅಕ್ಕಿ ಡಬ್ಬಿಯಾಗಲಿ ಬರಿದಾಗಿ ಇಡುವುದಿಲ್ಲ. ಅದಕ್ಕೇ ಬೇಸಿಗೆ ಬೆಳೆ ಮುಗಿದಾಗ ಪಂಪು ತೊಳೆದು, ಕುಂಕುಮ ಹಚ್ಚಿ, ಟ್ಯಾಂಕ್ ತುಂಬಿ ಮೂಲೆಗಿಟ್ಟಿದ್ದೆ. "ಇಂಜಿನ್ನಿಗೂ ಇದು ಬೇಕೇನವಾ?" ಎಂದು ಅತ್ತೆ ಆಗಲೇ ಕೇಳಿದ್ದರು.

ಮಿಸ್ತ್ರಿಯನ್ನು ಬೈದ ಬಾಯಲ್ಲಿ "ನಾನೇ" ಎನ್ನಲು ಆಗಲಿಲ್ಲ. "ನಮ್ಮ ಅತ್ತಿ ತುಂಬಿಟ್ಟಾರ್ರಿ," ಎಂದುಬಿಟ್ಟೆ.

ಅತ್ತೆ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹಂಗ ಮಾಡಬ್ಯಾಡ್ರಿ ಅಮ್ಮಾರ," ಎಂದು ಮಿಸ್ತ್ರಿ ಅತ್ತೆಗೆ ಹೇಳಿದರು. "ಇಡೋ ಮುಂದ ಟ್ಯಾಂಕ್ ಖಾಲಿ ಮಾಡ್ರಿ. ಇಂಜಿನ್ ತಾನ ಬಂದ್ ಆಗೋತನಕ ಓಡಿಸ್ರಿ. ಪ್ಲಗ್ ಬಿಚ್ಚಿ ಒಳಗ ನಾಕು ಹನಿ ಆಯಿಲ್ ಬಿಟ್ಟು ಹಗ್ಗ ಎಳೀರಿ. ಇಲಿ ಪೈಪ್ ಕಡೀದಂಗ ಮ್ಯಾಲೆ ತೂಗಹಾಕ್ರಿ."

ಪಂಪನ್ನು ಎಂದೂ ಮುಟ್ಟದ ಅತ್ತೆ ನನ್ನ ಕಡೆ ನೋಡಿದರು. "ಆತಪಾ, ನಂಗ ತಿಳೀಲಿಲ್ಲ," ಎಂದು ಮಿಸ್ತ್ರಿಗೆ ಚಹಾ ಕೊಟ್ಟರು.

ಅವರು ತಂತಿಯಿಂದ ತೂತು ಬಿಡಿಸಿ, ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದಾಗ ಮೂರನೆಯ ಸಲಕ್ಕೆ ಇಂಜಿನ್ ಶುರುವಾಯಿತು. ಹೊತ್ತು ಮುಳುಗುವುದರೊಳಗೆ ಗದ್ದೆಗೆ ಪೂರ್ತಿ ಔಷಧಿ ಹೊಡೆದೆ. ಕಣದಷ್ಟು ಜಾಗ ಹೋಯಿತು, ಉಳಿದದ್ದು ಉಳಿಯಿತು. ಅತ್ತೆ ಆ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಟ್ಯಾಂಕ್ ಬಗ್ಗಿಸಿ ಪೆಟ್ರೋಲ್ ತೆಗೆಯುತ್ತಿದ್ದಾಗ ಅತ್ತೆ ಬಂದು ನಿಂತರು.

"ಅತ್ತಿ, ಅವತ್ತು ಸುಳ್ಳು ಹೇಳಿದೆ. ತುಂಬಿಟ್ಟಾಕಿ ನಾ ಅಂತ ಮಿಸ್ತ್ರಿಗೆ ಹೇಳ್ತೀನ್ರಿ," ಎಂದೆ.

"ಅಂವಗ ಅವತ್ತ ಗೊತ್ತಾಗಿತ್ತು ಬಿಡವಾ," ಎಂದರು. "ಹೇಳಿದ್ದು ನನಗ, ನೋಡಿದ್ದೆಲ್ಲಾ ಬೊಬ್ಬಿ ಎದ್ದ ನಿನ್ನ ಅಂಗೈ. ಪಂಪ್ ಹಿಡಿಯಾಕಿ ಯಾರಂತ ಅದರಾಗ ಕಂಡಿತ್ತು."

ಕೊನೆಯ ಹನಿ ಬೀಳುವವರೆಗೂ ನಾನು ತಲೆ ಎತ್ತಲಿಲ್ಲ.