ಸಾವಂತ್ರಮ್ಮನ ಜೋಳಕ್ಕೆ ಎರಡು ಮದ್ದು

ಜಗಳೂರು ಸೀಮೆಯಲ್ಲಿ ಔಷಧಿ ಹೊಡೆಯುವವರಿಗೆ ಬರವಿಲ್ಲ. ಡಬ್ಬಿಯ ಮೇಲಿನ ಬರಹ ಓದುವವರಿಗೆ ಬರ. ಜಂಪಣ್ಣ ಓದುತ್ತಿದ್ದ. ಇಪ್ಪತ್ತು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಕೂಲಿಗೆ ಔಷಧಿ ಹೊಡೆದವನಿಗೆ ಹುಳಕ್ಕಿಂತ ಹೊಲದ ಯಜಮಾನರನ್ನು ಕಂಡರೇ ಹೇಸಿಗೆ.

ಆ ವರ್ಷ ಸಾವಂತ್ರಮ್ಮನ ಎರಡೆಕರೆ ಮೆಕ್ಕೆಜೋಳ ತಿಂಗಳು ಕಳೆದರೂ ಮೊಣಕಾಲು ದಾಟಲಿಲ್ಲ. ಎಲೆಯ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ. ಗಂಡ ತೀರಿದ ಮೇಲೆ ಅವಳೇ ನಿಂತು ಬಿತ್ತಿಸಿದ ಮೊದಲ ಬೆಳೆ. ಇದು ಕೈಕೊಟ್ಟರೆ ಹೊಲ ತಾನೇ ನೋಡಿಕೊಳ್ಳುವುದಾಗಿ ಮೈದುನ ತಿಪ್ಪೇಶಪ್ಪ ಆಗಲೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

“ರೋಗ ಅಲ್ಲ ಸಾವಂತ್ರಕ್ಕ, ಜಿಂಕ್ ಕಮ್ಮಿ ಆಗೈತೆ,” ಎಂದ ಜಂಪಣ್ಣ. “ಹೊಡೆದ್ರೆ ಹೊಸ ಎಲೆ ಹಸಿರಾಗಿ ಬರ್ತಾವೆ. ಹಳೇವು ಹಂಗೇ ಇರ್ತಾವೆ, ಅದಕ್ಕೆ ನನ್ನ ಬೈಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಬಕೆಟಿನಲ್ಲಿ ಸುಣ್ಣ ಕದಡಿ, ತಿಳಿಯಾಗಲು ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿದ. ಜಿಂಕಿನ ಜೊತೆ ಆ ತಿಳಿ ಸೇರದಿದ್ದರೆ ಎಲೆ ಸುಡುತ್ತದೆ. ಅಷ್ಟರಲ್ಲಿ ತಿಪ್ಪೇಶಪ್ಪ ಬಂದ. ಪಕ್ಕದ ಹೊಲದವರ ಹರಿದ ಪ್ಯಾಕೆಟ್ಟುಗಳನ್ನು ಅಂಗಡಿಯವನಿಗೆ ತೋರಿಸಿ, ಅವನ್ನೇ ಕೊಡು ಎಂದು ಜಿಂಕ್ ಪುಡಿ, ರಂಜಕದ ಗೊಬ್ಬರ, ಹುಳ ಸಾಯಿಸುವ ಎಣ್ಣೆ ಮೂರನ್ನೂ ತಂದಿದ್ದ. ಊರಲ್ಲಿ ಔಷಧಿ ಕೊಳ್ಳುವ ಪದ್ಧತಿಯೇ ಅದು. ಕಾಯಿಲೆ ಯಾರದಾದರೇನು, ಮದ್ದು ಪಕ್ಕದವನದೇ ಆಗಬೇಕು.

“ಏನೋ ಜಂಪಣ್ಣ, ಜೋಳಕ್ಕೆ ಸುಣ್ಣ ಬಳೀತೀಯೇನು? ಇವನ್ನೆಲ್ಲ ಒಂದೇ ಕ್ಯಾನಿಗೆ ಸುರಿ. ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ.”

ಜಂಪಣ್ಣ ಖಾಲಿ ಬಾಟ್ಲಿಯಲ್ಲಿ ಆ ಮೂರನ್ನೂ ಒಂದಿಷ್ಟು ಕಲಸಿ ಅಲ್ಲಾಡಿಸಿದ. ಒಡೆದ ಹಾಲಿನಂತೆ ತರಿತರಿಯಾಗಿ ತಳ ಸೇರಿತು.

“ನೋಡ್ರಿ ತಿಪ್ಪೇಶಣ್ಣ, ಕೆಟ್ಟೋತು.”

“ಕೆಟ್ಟಿಲ್ಲ. ಮದ್ದು ಗಟ್ಟಿ ಐತೆ ಅಂತ ಅರ್ಥ.”

“ಮೂಡಲ ಕಡೆ ಜಂಪಣ್ಣನೇ ಹೊಡೀಲಿ,” ಎಂದಳು ಸಾವಂತ್ರಮ್ಮ, ಮೈದುನನ ಮುಖ ನೋಡದೆ. ಪಡುವಲ ಅರ್ಧಕ್ಕೆ ತಿಪ್ಪೇಶಪ್ಪ ಮೂರನ್ನೂ ಒಂದೇ ಕ್ಯಾನಿಗೆ ಸುರಿದುಕೊಂಡು ತಾನೇ ಇಳಿದ. ನಡು ಮಧ್ಯಾಹ್ನ, ಅಳತೆ ಎರಡು ಪಟ್ಟು.

ಹದಿನೈದು ದಿನಕ್ಕೆ ಮೂಡಲ ಕಡೆ ಸುಳಿಯಿಂದ ಹೊಸ ಎಲೆ ಹಸಿರಾಗಿ ಬಂದವು. ಪಡುವಲ ಕಡೆ ಬೆಂಕಿಗೆ ಹಿಡಿದ ಕಾಗದದಂತೆ ಎಲೆಯಂಚು ಕರಕಲು. ಜಂಪಣ್ಣ ನೋಡಲು ಬಂದಾಗ ತಿಪ್ಪೇಶಪ್ಪ ಬದುವಿನ ಮೇಲೆ ನಾಲ್ಕು ಜನಕ್ಕೆ ಪಾಠ ಹೇಳುತ್ತಿದ್ದ: “ಹಸಿರಿರೋದು ನಾ ಹೊಡೆದಿದ್ದು. ಸುಟ್ಟಿದ್ದು ಇವನ ಸುಣ್ಣ.” ನಾಲ್ವರೂ ತಲೆಯಾಡಿಸಿದರು. ಬಣ್ಣದ ಪ್ಯಾಕೆಟ್ಟಿನ ಮುಂದೆ ಬಕೆಟ್ಟನ್ನು ಯಾರು ನಂಬುತ್ತಾರೆ?

ಜಂಪಣ್ಣನ ಬಾಯಲ್ಲಿದ್ದ ಎಲೆಅಡಿಕೆಯೇ ಹೊಲಸೆನಿಸಿತು. ಉಗಿದ. ಈ ಮಂದಿಗೆ ವಿವರಿಸುವುದಕ್ಕಿಂತ ಮನೆಗೆ ಹೋಗಿ ಮಲಗುವುದು ಮೇಲೆಂದು ತಿರುಗಿದ.

“ನಿಲ್ಲಪ್ಪ ಜಂಪಣ್ಣ,” ಎಂದಳು ಸಾವಂತ್ರಮ್ಮ. ಆಮೇಲೆ ಮೈದುನನಿಗೆ: “ತಿಪ್ಪೇಶಪ್ಪ, ಪಡುವಲ ಕಡೆ ನಿನಗೆ ಬುತ್ತಿ ತಂದು ಕೊಟ್ಟೋಳು ನಾನು. ತರಿ ಸಿಕ್ಕಂಡು ಪಂಪಿನ ಮೂತಿ ಕಟ್ಟಿದಾಗ, ನೀನು ನಾಕು ಸಲ ಬಾಯಿಟ್ಟು ಊದಿದ್ದೂ ನೋಡೀನಿ. ಹೊಲ ನೋಡ್ಕಳಾಕೆ ನಾನಿದೀನಿ. ನೀನಿನ್ನು ಬದು ಇಳೀಬ್ಯಾಡ.”

ನಾಲ್ವರಲ್ಲೊಬ್ಬ ಕೆಮ್ಮಿದ. ತಿಪ್ಪೇಶಪ್ಪ ಚಪ್ಪಲಿ ಹುಡುಕಿಕೊಂಡು ಹೊರಟ.

ಜಂಪಣ್ಣ ಗಂಟುಮೋರೆಯಲ್ಲೇ ಕೆಳಗಿಳಿದು, ಸುಟ್ಟ ಗಿಡಗಳ ಸುಳಿ ಒಂದೊಂದಾಗಿ ಬಿಡಿಸಿ ನೋಡಿದ. ಹತ್ತರಲ್ಲಿ ಆರಕ್ಕೆ ಜೀವವಿತ್ತು.